ಕಂಠಪಾಠವೂ ಹೃದಯಪಾಠವೂ

ನಮ್ಮ ಮನೆಗಳಲ್ಲಿ ಪರೀಕ್ಷೆಯ ಕಾಲ ಬಂದಿತೆಂದರೆ ಒಂದು ಮಾತು ಪದೇ ಪದೇ ಕೇಳಿಬರುವುದು. ‘ಬೈಹಾರ್ಟ್ ಮಾಡಿದೆಯಾ?’ ಎಂದು ತಾಯಿ ಕೇಳುವಳು. ‘ಆಗಲೇ ಬೈಹಾರ್ಟ್ ಆಗಿದೆ’ ಎಂದು ಮಗನು ಹೇಳುವನು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅಜ್ಜಿಯೂ ಈ ಮಾತನ್ನು ಆಡಬಲ್ಲಳು. ಆದರೆ ಆ ಮಾತಿನ ಒಡಲಲ್ಲಿ ಏನಿದೆಯೆಂದು ಯೋಚಿಸುವವರು ವಿರಳ. ಹಾರ್ಟ್ ಎಂದರೆ ಹೃದಯ. ನಾವು ಯಾವುದನ್ನು ಕಂಠಪಾಠವೆನ್ನುವೆವೋ ಅದನ್ನು ಇಂಗ್ಲಿಷರು ಹೃದಯದ ಪಾಠವೆನ್ನುವರು. ನಮ್ಮ ಹಿರಿಯರು ವಿದ್ಯೆಯನ್ನು ಕೊರಳಿನಲ್ಲಿ ಇಟ್ಟುಕೊಂಡರು. ಅವರು ಎದೆಯಲ್ಲಿ ಇಟ್ಟುಕೊಂಡರು. ಈ ಎರಡು ಸ್ಥಾನಗಳನ್ನೂ ಒಮ್ಮೆಗೇ ಮುಟ್ಟುವ ಸಾಧನವೊಂದುಂಟು. ಅದು ಹಾಡು, ಅದರಲ್ಲಿಯೂ ಎದೆಯೊಡೆದವರ ಹಾಡು. ಇಂತಹ ಇಂಗ್ಲಿಷ್ ಹಾಡುಗಳಿಂದ ನಮ್ಮ ಮನೆಯ ಹುಡುಗ ಹುಡುಗಿಯರು ಇಂಗ್ಲಿಷಿನ ಶಬ್ದಸಂಪತ್ತನ್ನು ಹೇಗೆ ಗಳಿಸಬಹುದೆಂಬುದೇ ಈ ತಿಂಗಳ ವಿಷಯ.

ಹುಬ್ಬು ಗಂಟಿಕ್ಕುವ ಮೊದಲು ವಾಚಕ ಮಹಾಶಯರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ. ‘ಪ್ರೇಮಭಂಗದ ಹಾಡುಗಳಿಂದ ಮಕ್ಕಳಿಗೆ ವಿದ್ಯೆಯೇ? ಸಂಸ್ಕೃತ ಓದಿದ ಮೇಷ್ಟರಿಗೆ ಈ ವಯಸ್ಸಿನಲ್ಲಿ ಇದೇನು ಬಂತು?’ ಎಂದು ಕೆಲವರಿಗೆ ತೋರಬಹುದು. ಸಂಸ್ಕೃತ ಓದಿದುದರಿಂದಲೇ ಈ ಮಾತನ್ನಾಡುವ ಧೈರ್ಯ ನನಗೆ ಬಂದಿರುವುದು. ತಲೆತಲಾಂತರದಿಂದ ನಮ್ಮ ಪಾಠಶಾಲೆಗಳಲ್ಲಿ ಹುಡುಗರು ಸಂಸ್ಕೃತದ ಪದಗಳನ್ನು ಕೂಡಿಹಾಕಿಕೊಂಡ ಗ್ರಂಥಗಳಲ್ಲಿ ಕಾಳಿದಾಸನ ಮೇಘದೂತವು ಒಂದಲ್ಲವೇ? ಒಡೆಯನ ಶಾಪಕ್ಕೆ ಗುರಿಯಾಗಿ ಒಂದು ವರ್ಷಕಾಲ ಪ್ರಿಯೆಯನ್ನು ಅಗಲಿದ ಯಕ್ಷನು ರಾಮಗಿರಿಯಲ್ಲಿ ಕುಳಿತು ಮೋಡದ ಮುಂದೆ ತೋಡಿಕೊಂಡ ಅಳಲಲ್ಲದೆ ಆ ಕಾವ್ಯವು ಮತ್ತೇನು? ಮೀಸೆ ಮೂಡದ ಹುಡುಗನಿಗೆ ಆ ವಿರಹವನ್ನು ಪಾಠ ಹೇಳುವಾಗ ಯಾವ ಶಾಸ್ತ್ರಿಗಳೂ ನಾಚಲಿಲ್ಲ. ಮಗನು ಕೆಟ್ಟನೆಂದು ಯಾವ ತಂದೆಯೂ ಗೋಳಿಡಲಿಲ್ಲ. ಬೇಡನ ಬಾಣಕ್ಕೆ ಜೊತೆಯನ್ನು ಕಳೆದುಕೊಂಡ ಕ್ರೌಂಚದ ಕೂಗಿನಿಂದ ವಾಲ್ಮೀಕಿಗಳ ಶೋಕವೇ ಶ್ಲೋಕವಾಯಿತೆಂದು ನಾವೇ ಹೇಳಿಕೊಳ್ಳುವೆವು. ಇರುವುದು ಕರುಣವೊಂದೇ ರಸವೆಂಬ ಮತವನ್ನು ಭವಭೂತಿಯು ತನ್ನ ನಾಟಕದಲ್ಲಿ ಸಾರಿದನು. ಹೀಗಿರಲು, ಅಗಲಿಕೆಯ ಹಾಡಿನಿಂದ ಭಾಷೆಯನ್ನು ಕಲಿಯುವುದು ನಮಗೆ ಹೊಸದಲ್ಲ. ಹೊಸದಾಗಿರುವುದು ಭಾಷೆ ಮಾತ್ರ.

ಆ ಭಾಷೆಯೂ ನಾವು ಎಣಿಸುವಷ್ಟು ಪರಕೀಯವಲ್ಲ. ಹಾರ್ಟ್ ಎಂಬ ಪದವೂ ನಮ್ಮ ಹೃದ್ ಎಂಬುದೂ ದೂರದ ದಾಯಾದಿಗಳು. ಲವ್ ಎಂಬುದರ ಮೂಲವೂ ಸಂಸ್ಕೃತದ ಲುಭ್ ಧಾತುವೂ ಒಂದೇ ಕುಲದವು. ಅಂದರೆ ಇಂಗ್ಲಿಷರ ಪ್ರೇಮವು ನಮ್ಮ ಲೋಭಕ್ಕೆ ಸೋದರ! ಪ್ರೇಮಭಂಗದ ಹಾಡುಗಳನ್ನು ನಾಲ್ಕಾರು ಕೇಳಿದವರು ಈ ನಂಟನ್ನು ಸುಲಭವಾಗಿ ನಂಬುವರು. ನಿನ್ನೆ ಎಂಬುದಕ್ಕೆ ಅವರು ಹೇಳುವ ಯೆಸ್ಟರ್‌ಡೇ ಎಂಬ ಪದದ ಮೊದಲ ಭಾಗವು ನಮ್ಮ ಹ್ಯಃ ಎಂಬ ಅವ್ಯಯದ ಬಂಧು. ಇಂತಹ ನಂಟುಗಳನ್ನು ತೋರಿಸಿಕೊಟ್ಟರೆ, ಇಂಗ್ಲಿಷೆಂದರೆ ಬೆವರುವ ಹುಡುಗನಿಗೂ ಅಪರಿಚಿತರ ಊರಿನಲ್ಲಿ ನೆಂಟರ ಮನೆ ಸಿಕ್ಕಿದಂತಾಗುವುದು.

ಇನ್ನು ಪದಗಳು ಮನಸ್ಸಿನಲ್ಲಿ ನಿಲ್ಲುವ ಬಗೆಯನ್ನು ವಿಚಾರಿಸೋಣ. ಶಾಲೆಯಲ್ಲಿ ನಾವು ಮಾಡಿಸುವುದೇನು? ಹಾಳೆಯ ನಡುವೆ ಗೆರೆ ಎಳೆದು, ಒಂದು ಮಗ್ಗುಲಿಗೆ ಇಂಗ್ಲಿಷ್ ಪದ, ಇನ್ನೊಂದು ಮಗ್ಗುಲಿಗೆ ಕನ್ನಡದ ಅರ್ಥ. ಹೀಗೆ ಇಪ್ಪತ್ತು ಪದಗಳ ಪಟ್ಟಿ. ಸೋಮವಾರ ಬರೆದುದು ಗುರುವಾರದ ಹೊತ್ತಿಗೆ ಮಾಸಿಹೋಗುವುದು. ಪಟ್ಟಿಯಲ್ಲಿರುವ ಪದವು ಕೊಂಬೆಯಿಂದ ಕಿತ್ತ ಎಲೆಯಂತೆ. ಅದಕ್ಕೆ ಮೇಲಿನಿಂದ ರಸವಿಲ್ಲ, ಕೆಳಗೆ ಬೇರಿಲ್ಲ. ಇದನ್ನು ಅರಿತೇ ಅಮರಸಿಂಹನು ತನ್ನ ಕೋಶವನ್ನು ಪಟ್ಟಿಯಾಗಿ ಬರೆಯದೆ, ಮೂರು ಕಾಂಡಗಳಾಗಿ ವಿಂಗಡಿಸಿ ಶ್ಲೋಕಗಳಲ್ಲಿ ಪೋಣಿಸಿದನು. ಬಾಲ್ಯದಲ್ಲಿ ಅಮರವನ್ನು ಧಾಟಿಯಿಂದ ಹೇಳಿದವನಿಗೆ ಮುಪ್ಪಿನಲ್ಲಿಯೂ ಒಂದು ಪದವನ್ನು ಹಿಡಿದೆಳೆದರೆ ಅದರ ಹಿಂದೆ ಸಾಲು ಸಾಲಾಗಿ ಉಳಿದವು ಬರುವುವು.

ನಮ್ಮ ಹಿರಿಯರು ಅನುಭವದಿಂದ ಕಂಡುದನ್ನು ಈಚಿನ ಪಂಡಿತರು ಪ್ರಯೋಗದಿಂದ ಕಂಡಿರುವರು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 60 ಮಂದಿ ವಯಸ್ಕರಿಗೆ ಅವರು ಅರಿಯದ ಹಂಗೇರಿಯ ಭಾಷೆಯ ಮಾತುಗಳನ್ನು ಕಲಿಸಿದರು. ಒಂದು ಗುಂಪಿನವರು ಕೇಳಿದ್ದನ್ನು ಹಾಗೆಯೇ ಹೇಳಿದರು, ಇನ್ನೊಂದು ಗುಂಪಿನವರು ಲಯಕ್ಕೆ ಸೇರಿಸಿ ಹೇಳಿದರು, ಮೂರನೆಯವರು ಹಾಡಿದರು. ಅನಂತರ ಪರೀಕ್ಷಿಸಿದಾಗ ಹಾಡಿ ಕಲಿತವರೇ ಆ ಮಾತುಗಳನ್ನು ಹೆಚ್ಚು ಚೆನ್ನಾಗಿ ನುಡಿದು ತೋರಿಸಿದರು. ಈ ಪ್ರಯೋಗದ ವರದಿಯು 2014ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಧಾಟಿಯು ಪದವನ್ನು ಕಂಠದಲ್ಲಿ ನಿಲ್ಲಿಸುವುದು ಸರಿಯೆ. ಆದರೆ ಎದೆಯಲ್ಲಿ ನಿಲ್ಲಿಸುವುದು ರಸ. ಅಮರಕೋಶದಲ್ಲಿ ಪದವುಂಟು, ಧಾಟಿಯುಂಟು, ಕಥೆಯಿಲ್ಲ. ದುಃಖದ ಹಾಡಿನಲ್ಲಿ ಯಾರೋ ಒಬ್ಬರು ಹೋಗಿರುವರು, ಯಾರೋ ಒಬ್ಬರು ಉಳಿದಿರುವರು. ಆದುದರಿಂದ ಅಲ್ಲಿ ಬರುವ ಪ್ರತಿಯೊಂದು ಪದಕ್ಕೂ ಒಂದು ಮುಖವಿರುವುದು. ಮೇಲಾಗಿ ಇಂತಹ ಹಾಡುಗಳ ನಡೆ ನಿಧಾನ, ಮಾತು ಸರಳ, ಪಲ್ಲವಿ ಮತ್ತೆ ಮತ್ತೆ ಬರುವಂಥದು. ಕುಣಿತದ ಹಾಡಿನಲ್ಲಿ ವಾದ್ಯಗಳ ಗದ್ದಲಕ್ಕೆ ಮಾತು ಕೊಚ್ಚಿಹೋಗುವುದು. ಅಳುವವನ ಮಾತು ಮಾತ್ರ ಬಿಡಿಬಿಡಿಯಾಗಿ ಕೇಳಿಸುವುದು.

ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ನಮ್ಮ ಬೀದಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಲು ಹಳ್ಳಿಯಿಂದ ಒಬ್ಬಳು ಹುಡುಗಿ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ತನ್ನ ಶಾಲೆಗೆ ಮೊದಲಿಗಳಾಗಿ ತೇರ್ಗಡೆ ಹೊಂದಿದವಳು. ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದಳು. ಅಲ್ಲಿ ಪಾಠ, ಪ್ರಶ್ನೆ, ಹಾಸ್ಯ, ಬೈಗುಳು ಎಲ್ಲವೂ ಇಂಗ್ಲಿಷಿನಲ್ಲಿ. ಮೂರು ತಿಂಗಳು ಕಳೆಯುವುದರೊಳಗೆ ಆ ಹುಡುಗಿಯ ಬಾಯಿ ಕಟ್ಟಿಹೋಯಿತು. ಇಂಗ್ಲಿಷಿನಲ್ಲಿ ಮಾತ್ರವಲ್ಲ, ಮನೆಯಲ್ಲಿ ಕನ್ನಡದಲ್ಲಿಯೂ ಆಕೆ ಮಾತನಾಡುವುದು ಕಡಿಮೆಯಾಯಿತು. ‘ಊರಿಗೆ ಹೋಗಿಬಿಡುತ್ತೇನೆ’ ಎಂದು ಅತ್ತೆಯೊಡನೆ ಹೇಳಿದಳಂತೆ. ಮಾವನು ಅವಳನ್ನು ಸಂಜೆಯ ಹೊತ್ತು ನನ್ನಲ್ಲಿಗೆ ಕಳುಹಿಸಿದನು. ನಾನು ವ್ಯಾಕರಣದ ಪುಸ್ತಕ ತೆಗೆದೆನು. ಆಕೆ ಬರೆದಳು, ತಿದ್ದಿಕೊಂಡಳು, ಆದರೆ ತುಟಿಯನ್ನು ಬಿಚ್ಚಲಿಲ್ಲ.

ಒಂದು ದಿನ ಮಾವನು ಸಿಟ್ಟಿನಿಂದ ಬಂದು, ‘ಮೇಷ್ಟ್ರೇ, ನೀವೇ ಒಂದು ಮಾತು ಹೇಳಿ. ಇಡೀ ಹೊತ್ತು ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಯಾವುದೋ ಅಳುವ ಇಂಗ್ಲಿಷ್ ಹಾಡು ಕೇಳುತ್ತಾಳೆ. ಓದುವ ಹುಡುಗಿಗೆ ಇದೆಲ್ಲಾ ಏಕೆ?’ ಎಂದನು. ನಾನು ಹುಡುಗಿಯನ್ನು ಬೈಯದೆ, ‘ಆ ಹಾಡನ್ನು ಬರೆದು ತೋರಿಸಮ್ಮಾ’ ಎಂದೆನು. ಆಕೆ ಆದಿಯಿಂದ ಅಂತ್ಯದವರೆಗೆ ತಡವರಿಸದೆ ಬರೆದಳು. ಅದು ಇಂಗ್ಲೆಂಡಿನ ಗಾಯಕಿ ಅಡೆಲ್ ಹಾಡಿ, 2011ರಲ್ಲಿ ಪ್ರಸಿದ್ಧಿಗೆ ಬಂದ ‘ಸಮ್‌ವನ್ ಲೈಕ್ ಯೂ’ ಎಂಬ ಹಾಡು. ಪಿಯಾನೋ ಒಂದನ್ನೇ ಆಸರೆಯಾಗಿಟ್ಟುಕೊಂಡು ಹಾಡಿರುವುದರಿಂದ ಮಾತು ಸ್ಪಷ್ಟವಾಗಿ ಕೇಳುವುದು. ನಾನು ಶೀರ್ಷಿಕೆಯ ಅರ್ಥವನ್ನು ಕೇಳಿದೆನು. ‘ನಿನ್ನನ್ನು ಇಷ್ಟಪಡುವ ಯಾರೋ ಒಬ್ಬರು’ ಎಂದಳು. ಲೈಕ್ ಎಂದರೆ ಇಷ್ಟಪಡುವುದೆಂದೇ ಪಟ್ಟಿಯಲ್ಲಿ ಕಲಿತಿದ್ದಳು. ಅದು ಇಲ್ಲಿ ಕ್ರಿಯಾಪದವಲ್ಲ, ನಮ್ಮ ‘ಇವ’ ಶಬ್ದದಂತೆ ಉಪಮಾವಾಚಕ. ‘ನಿನ್ನಂತಹ ಒಬ್ಬರು’ ಎಂದು ಅರ್ಥವೆಂದು ತಿಳಿಸಿದಾಗ ಆಕೆಯ ಕಣ್ಣು ಅರಳಿತು. ನೂರು ಸಲ ಕೇಳಿದ್ದ ಹಾಡು ಆ ಕ್ಷಣದಲ್ಲಿ ಆಕೆಗೆ ಮೊದಲ ಸಲ ಕೇಳಿಸಿತೆಂದು ಕಾಣುವುದು. ಅಂದಿನಿಂದ ವಾರಕ್ಕೊಂದು ಹಾಡನ್ನು ಪಾಠವಾಗಿ ಇಟ್ಟುಕೊಂಡೆವು.

ಮತ್ತೊಂದು ಸಂಜೆ ಅಲೋನ್ ಮತ್ತು ಲೋನ್ಲಿ ಎಂಬ ಎರಡು ಪದಗಳು ಬಂದುವು. ಅಲೋನ್ ಎಂಬುದು ‘ಆಲ್’ ಮತ್ತು ‘ಒನ್’ ಎಂಬೆರಡು ಪದಗಳು ಕೂಡಿ ಆದದ್ದು. ಪೂರ್ತಿಯಾಗಿ ಒಬ್ಬನೇ ಎಂದು ಅರ್ಥ. ಲೋನ್ಲಿ ಎಂಬುದು ಅದರಿಂದಲೇ ಹುಟ್ಟಿದರೂ ಹೊರಗಿನ ಸ್ಥಿತಿಯನ್ನು ಹೇಳದೆ ಒಳಗಿನ ನೋವನ್ನು ಹೇಳುವುದು. ಎರಡನ್ನೂ ಇಟ್ಟು ಒಂದು ವಾಕ್ಯ ಮಾಡೆಂದೆನು. ಹುಡುಗಿ ತುಸು ಹೊತ್ತು ಸುಮ್ಮನಿದ್ದು, ‘ಮಾವನ ಮನೆಯಲ್ಲಿ ಆರು ಜನ ಇದ್ದೇವೆ, ಮೇಷ್ಟ್ರೇ. ನಾನು ಅಲೋನ್ ಅಲ್ಲ. ಆದರೆ ಲೋನ್ಲಿ’ ಎಂದಳು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿದಳು. ಅದು ಆಕೆ ನನ್ನೆದುರು ಆಡಿದ ಮೊದಲನೆಯ ಇಂಗ್ಲಿಷ್ ವಾಕ್ಯ. ತಿಂಗಳುಗಟ್ಟಲೆ ಕನ್ನಡದಲ್ಲಿಯೂ ಬಾಯಿಗೆ ಬಾರದಿದ್ದ ಸಂಗತಿಯನ್ನು ಆ ಪದವು ಹೊರಕ್ಕೆ ತಂದಿತು. ಮಾವನಿಗೆ ನಾನು ಆ ವಾಕ್ಯವನ್ನು ಕನ್ನಡದಲ್ಲಿ ತಿಳಿಸಿದಾಗ ಅವನು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆ ಭಾನುವಾರ ಹುಡುಗಿಯನ್ನು ಕರೆದುಕೊಂಡು ತಾನೇ ಊರಿಗೆ ಹೋಗಿ ತಾಯಿಯನ್ನು ತೋರಿಸಿ ಕರೆತಂದನು. ಹುಡುಗಿ ಕಾಲೇಜು ಬಿಡಲಿಲ್ಲ. ಪರೀಕ್ಷೆಯಲ್ಲಿ ಮೊದಲಿಗಳಾಗಲಿಲ್ಲ, ಆದರೆ ತೇರ್ಗಡೆಯಾದಳು. ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುತ್ತಾಳೆಂದೂ ತಿಳಿದುಬಂತು.

ಈ ಬಗೆಯ ಪಾಠವನ್ನು ಮನೆಯಲ್ಲಿ ನಡೆಸುವ ಕ್ರಮವನ್ನು ಈಗ ನಿರೂಪಿಸುವೆನು. ನಮ್ಮ ಕಾವ್ಯಗಳಿಗೆ ವ್ಯಾಖ್ಯಾನ ಬರೆದವರು ಹಿಡಿದ ದಾರಿಯೇ ಇದಕ್ಕೂ ಸಾಕು: ಮೊದಲು ಶ್ರವಣ, ಬಳಿಕ ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ, ಕಡೆಗೆ ಪ್ರಯೋಗ.

ಶ್ರವಣದ ದಿನ ಹಾಡನ್ನು ಎರಡು ಮೂರು ಸಲ ಕೇಳಿ, ಕೇಳಿಸಿದಂತೆ ಬರೆದುಕೊಳ್ಳಬೇಕು. ಆಮೇಲೆ ಅಚ್ಚಿನ ಪಾಠದೊಡನೆ ಹೋಲಿಸಬೇಕು. ತಪ್ಪು ಕೇಳಿದುದಕ್ಕೆ ನಾಚಬೇಕಾದುದಿಲ್ಲ. ಇಂಗ್ಲಿಷರ ಮಕ್ಕಳೂ ತಪ್ಪು ಕೇಳುವರು. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿಯು ಚಿಕ್ಕಂದಿನಲ್ಲಿ ಸ್ಕಾಟ್ಲೆಂಡಿನ ಹಳೆಯ ಲಾವಣಿಯೊಂದನ್ನು ಕೇಳಿ, ಕೊಲೆಯಾದ ಪ್ರಭುವನ್ನು ಹುಲ್ಲಿನ ಮೇಲೆ ಮಲಗಿಸಿದರೆಂಬ ಮಾತನ್ನು ‘ಲೇಡಿ ಮಾಂಡಗ್ರೀನ್’ ಎಂಬ ಸ್ತ್ರೀಯ ಹೆಸರೆಂದು ತಿಳಿದುಕೊಂಡಿದ್ದಳು. ಪ್ರಭುವಿನೊಡನೆ ಪಾಪ ಆಕೆಯೂ ಸತ್ತಳೆಂದು ಮರುಗಿದ್ದಳು! 1954ರಲ್ಲಿ ಆಕೆ ಇದನ್ನು ಕುರಿತು ಬರೆದ ಮೇಲೆ ಇಂತಹ ತಪ್ಪು ಕೇಳಿಕೆಗೆ ಇಂಗ್ಲಿಷಿನಲ್ಲಿ ‘ಮಾಂಡಗ್ರೀನ್’ ಎಂಬ ಹೆಸರೇ ನಿಂತಿತು.

ಪದಚ್ಛೇದದ ದಿನ ಸಂಧಿಗಳನ್ನು ಬಿಡಿಸಬೇಕು. ಇಂಗ್ಲಿಷಿನಲ್ಲಿ ಸಂಧಿಯೆಲ್ಲಿದೆಯೆಂದರೆ, ಹಾಡಿನ ತುಂಬ ಇದೆ. ‘ಐಡ್’ ಎಂದು ಕೇಳಿಸುವುದನ್ನು ಬಿಡಿಸಿದರೆ ಒಂದು ಕಡೆ ‘ಐ ಹ್ಯಾಡ್’, ಇನ್ನೊಂದು ಕಡೆ ‘ಐ ವುಡ್’. ‘ಹೀಸ್’ ಎಂಬುದು ‘ಹೀ ಈಸ್’ ಆಗಬಹುದು, ‘ಹೀ ಹ್ಯಾಸ್’ ಆಗಬಹುದು. ಯಾವುದೆಂಬುದನ್ನು ಮುಂದಿನ ಪದ ನೋಡಿ ನಿಶ್ಚಯಿಸಬೇಕು. ಸಂಸ್ಕೃತದ ಸಂಧಿಯನ್ನು ಬಿಡಿಸುವಾಗಲೂ ನಾವು ಹೀಗೆಯೇ ಅಲ್ಲವೇ ಮಾಡುವುದು?

ಅನ್ವಯದಲ್ಲಿ, ಪ್ರಾಸಕ್ಕಾಗಿ ಹಿಂದುಮುಂದಾದ ಪದಗಳನ್ನು ಗದ್ಯದ ಕ್ರಮಕ್ಕೆ ತರಬೇಕು. ಕರ್ತೃ ಯಾವುದು, ಕ್ರಿಯೆ ಯಾವುದು ಎಂದು ಬೆರಳಿಟ್ಟು ತೋರಿಸಬೇಕು. ಒಳ್ಳೆಯ ಹಾಡಿನ ಶೀರ್ಷಿಕೆಯೊಂದೇ ಒಂದು ಸೂತ್ರವಾಗಬಲ್ಲುದು. ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ ಎಂಬ 1980ರ ಹಾಡನ್ನು ತೆಗೆದುಕೊಳ್ಳಿ. ಗೆದ್ದವನಿಗೆ ಸರ್ವಸ್ವವೆಂದು ತಾತ್ಪರ್ಯ. ಪ್ರೇಮವನ್ನು ದ್ಯೂತಕ್ಕೆ ಹೋಲಿಸಿದ ರೂಪಕ. ಧರ್ಮರಾಯನ ಕಥೆ ಬಲ್ಲ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಟೇಕ್ ಎಂಬುದರ ಕೊನೆಗೆ ಹತ್ತಿರುವ ಸಕಾರವು ಪ್ರಥಮಪುರುಷ ಏಕವಚನದ ಪ್ರತ್ಯಯ. ನಮ್ಮ ಹುಡುಗರು ನಿತ್ಯವೂ ನುಂಗಿಹಾಕುವುದು ಈ ಸಕಾರವನ್ನೇ. ಶೀರ್ಷಿಕೆಯನ್ನು ಹಾಡಿಕೊಂಡವನು ಅದನ್ನು ನುಂಗಲಾರನು. ಮತ್ತೊಂದು ಸಂಗತಿ: ಈ ಹಾಡನ್ನು ಕಟ್ಟಿ ಹಾಡಿದ ‘ಆಬಾ’ ಎಂಬ ಮೇಳ ಸ್ವೀಡನ್ ದೇಶದ್ದು. ಇಂಗ್ಲಿಷ್ ಅವರ ತಾಯಿನುಡಿಯಲ್ಲ. ಸಾಹಿತ್ಯವನ್ನು ಬರೆದ ಬ್ಯೋರ್ನ್ ಉಲ್ವಾಯಸ್, ಹಾಡಿದ ಅಗ್ನೆಥಾ ಫಾಲ್ಟ್‌ಸ್ಕೋಗ್, ಇವರಿಬ್ಬರ ದಾಂಪತ್ಯವೂ ಆ ವೇಳೆಗೆ ಮುರಿದಿತ್ತು. ಕಲಿತ ಭಾಷೆಯಲ್ಲಿ ಇಷ್ಟು ದೊಡ್ಡ ನೋವನ್ನು ಲೋಕಕ್ಕೆ ಮುಟ್ಟಿಸಬಹುದಾದರೆ, ನಮ್ಮ ಹುಡುಗಿಯೊಬ್ಬಳು ರಸಾಯನಶಾಸ್ತ್ರದ ಸಂಶಯವೊಂದನ್ನು ಕೇಳಲಾರಳೇ?

ಪ್ರತಿಪದಾರ್ಥದ ದಿನ ಹೆಚ್ಚು ಎಚ್ಚರ ಬೇಕು. ಕಣ್ಣೀರೆಂಬ ಅರ್ಥದ ಪದವೂ ಹರಿಯುವುದೆಂಬ ಅರ್ಥದ ಪದವೂ ಬರೆಹದಲ್ಲಿ ಒಂದೇ. ಮೊದಲನೆಯದು ಟಿಯರ್, ಎರಡನೆಯದು ಟೇರ್. ಸಾರೋ ಎಂದರೆ ದುಃಖ. ಸಾರಿ ಎಂಬುದು ಅದರಿಂದ ಬಂತೆಂದು ಎಲ್ಲರೂ ತಿಳಿಯುವರು. ಆದರೆ ಮೂಲದಲ್ಲಿ ಅದಕ್ಕೆ ನಂಟು ಹುಣ್ಣಿನ ನೋವನ್ನು ಹೇಳುವ ಸೋರ್ ಎಂಬ ಪದದೊಡನೆ. ಗುಡ್‌ಬೈ ಎಂಬುದು ‘ದೇವರು ನಿನ್ನೊಡನಿರಲಿ’ ಎಂಬ ಇಂಗ್ಲಿಷ್ ವಾಕ್ಯವು ಸವೆದು ಸವೆದು ಉಳಿದ ರೂಪ. ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುವ ನಮ್ಮ ಮಕ್ಕಳಿಗೆ, ಬೀಳ್ಕೊಡುವ ಮಾತಿನಲ್ಲಿ ಹಾರೈಕೆಯನ್ನು ಅಡಗಿಸಿಡುವ ಈ ರೀತಿ ಸುಲಭವಾಗಿ ಅರ್ಥವಾಗುವುದು.

ಎಲ್ಲಕ್ಕಿಂತ ಕಷ್ಟವಾದುದು, ಕ್ರಿಯಾಪದದ ಹಿಂದೆ ಬಾಲದಂತೆ ಬರುವ ಚಿಕ್ಕ ಪದಗಳು. ಹೃ ಎಂಬ ಒಂದೇ ಧಾತುವಿಗೆ ಉಪಸರ್ಗಗಳು ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳಾಗುವುದನ್ನು ಬಲ್ಲವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಉಪಸರ್ಗವು ಧಾತುವಿನ ಮುಂದೆ ನಿಲ್ಲದೆ ಹಿಂದೆ ನಿಲ್ಲುವುದು, ಅಷ್ಟೇ ವ್ಯತ್ಯಾಸ. ಬ್ರೇಕ್ ಎಂದರೆ ಮುರಿ. ಬ್ರೇಕ್ ಅಪ್ ಎಂದರೆ ಪ್ರೀತಿಸಿದವರು ಬೇರೆಯಾಗುವುದು. ಬ್ರೇಕ್ ಡೌನ್ ಎಂದರೆ ದುಃಖ ತಡೆಯಲಾರದೆ ಕುಸಿಯುವುದು, ಬಸ್ಸು ಕೆಟ್ಟು ನಿಂತರೂ ಅದೇ ಮಾತು. ಬ್ರೇಕ್ ಆಫ್ ಎಂದರೆ ನಿಶ್ಚಯವಾದುದನ್ನು ಮುರಿಯುವುದು. ಬ್ರೇಕ್ ಇನ್ ಎಂದರೆ ಕಳ್ಳನು ಕನ್ನ ಹಾಕುವುದು. ಗೆಟ್ ಓವರ್ ಎಂದರೆ ನೋವನ್ನು ದಾಟುವುದು, ಮೂವ್ ಆನ್ ಎಂದರೆ ಆದದ್ದನ್ನು ಬಿಟ್ಟು ಮುಂದೆ ಸಾಗುವುದು. ವ್ಯಾಕರಣದ ಪುಸ್ತಕದಲ್ಲಿ ಇವು ಜಲ್ಲಿಕಲ್ಲಿನ ರಾಶಿಯಂತೆ ಬಿದ್ದಿರುವುವು. ಎದೆಯೊಡೆದವರ ಹಾಡಿನಲ್ಲಿ ಇವೇ ಜೀವಾಳ. ಏಕೆಂದರೆ ಮುರಿಯುವುದು, ಕುಸಿಯುವುದು, ದಾಟುವುದು, ಮುಂದೆ ಸಾಗುವುದು, ಇದೇ ಅಲ್ಲವೇ ಆ ಹಾಡುಗಳ ಕಥೆ?

ತಾತ್ಪರ್ಯದ ದಿನ ಮಗುವು ಹಾಡಿನ ಭಾವವನ್ನು ಕನ್ನಡದಲ್ಲಿ ಹೇಳಬೇಕು. ಪದಕ್ಕೆ ಪದವಿಟ್ಟು ಹೇಳಿದರೆ ಒಪ್ಪಬಾರದು. ಇಂಗ್ಲಿಷಿನಲ್ಲಿ ಮುರಿಯುವ ಹೃದಯವು ಕನ್ನಡದಲ್ಲಿ ಬಿರಿಯುವ ಎದೆಯಾಗಬಹುದು, ಕಿತ್ತುಬರುವ ಕರುಳೂ ಆಗಬಹುದು. ಮಿಸ್ ಎಂಬ ಕ್ರಿಯಾಪದವು ಬಸ್ಸು ತಪ್ಪಿದುದಕ್ಕೂ ಬರುವುದು, ಅಗಲಿದವರ ನೆನಪು ಕಾಡುವುದಕ್ಕೂ ಬರುವುದು. ಎರಡನೆಯದನ್ನು ‘ನೀನಿಲ್ಲದೆ ಮನೆಯೆಲ್ಲ ಭಣಭಣ ಎನ್ನುತ್ತದೆ’ ಎಂದು ಹೇಳಿದ ಮಗುವಿಗೆ ನಾನು ಪೂರ್ಣಾಂಕ ಕೊಡುವೆನು. ಈ ವಿದ್ಯೆಯಲ್ಲಿ ನಮಗೆ ಹಿರಿಯರಾದವರು ಬಿ. ಎಂ. ಶ್ರೀಕಂಠಯ್ಯನವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಆ ಮಹನೀಯರು ಇಂಗ್ಲಿಷಿನ ಗೀತೆಗಳನ್ನು ಕನ್ನಡಿಸಿ, ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಿಂದ ನಮ್ಮ ಕವಿತೆಗೆ ಹೊಸ ದಾರಿಯನ್ನೇ ತೆರೆದರು. ಅದರಲ್ಲಿರುವ ‘ದುಃಖಸೇತು’ ಎಂಬುದು ಬಾಳಲಾರದೆ ಹೊಳೆಗೆ ಬಿದ್ದ ಹೆಣ್ಣೊಬ್ಬಳನ್ನು ಕುರಿತು 1844ರಲ್ಲಿ ಥಾಮಸ್ ಹುಡ್ ಬರೆದ ಕವನದ ಕನ್ನಡ ರೂಪ. ರಾಬರ್ಟ್ ಬರ್ನ್ಸ್ ಕವಿಯ ಬೀಳ್ಕೊಡುಗೆಯ ಪ್ರೇಮಗೀತೆಯಲ್ಲಿ ಕೆಂಪು ಗುಲಾಬಿಯಾಗಿದ್ದುದು ಶ್ರೀಯವರ ಕೈಯಲ್ಲಿ ಕೆಂಪು ತಾವರೆಯಾಯಿತು. ಹೂವು ಬದಲಾಯಿತು, ಪ್ರೀತಿ ಬದಲಾಗಲಿಲ್ಲ, ತಾತ್ಪರ್ಯವೆಂದರೆ ಇದು.

ಕಡೆಯದು ಪ್ರಯೋಗ. ಹಾಡಿನಿಂದ ಆರಿಸಿಕೊಂಡ ಹತ್ತು ಪದಗಳನ್ನು ಪ್ರೇಮಕ್ಕೆ ಸಂಬಂಧಪಡದ ಹತ್ತು ವಾಕ್ಯಗಳಲ್ಲಿ ಬಳಸಬೇಕು: ಅಂಗಡಿ, ಮಳೆ, ಹಸು, ಪರೀಕ್ಷೆ, ಯಾವುದಾದರೂ ಆಗಬಹುದು. ವಾರಕ್ಕೆ ಹತ್ತು ಪದಗಳಾದರೆ ವರ್ಷಕ್ಕೆ 520 ಪದಗಳು. ಪಟ್ಟಿಯಿಂದ ಕಲಿತ ಎರಡು ಸಾವಿರಕ್ಕಿಂತ ಬಾಯಿಗೆ ಬರುವ ಈ ಐನೂರು ಲೇಸು.

ಇನ್ನು ಕೆಲವು ಎಚ್ಚರಿಕೆಗಳು. ಕವಿಗಳಿಗೆ ಅಂಕುಶವಿಲ್ಲವೆಂಬುದು ಹಳೆಯ ಮಾತು. ಇಂಗ್ಲಿಷ್ ಹಾಡುಗಳಲ್ಲಿ ಗಾನ, ವಾನ, ಏಂಟ್ ಎಂಬ ರೂಪಗಳು ಹೇರಳವಾಗಿ ಬರುವುವು; ಏಕವಚನಕ್ಕೆ ಬಹುವಚನದ ಕ್ರಿಯೆಯೂ, ಒಂದು ನಿಷೇಧದ ಮೇಲೆ ಇನ್ನೊಂದು ನಿಷೇಧವೂ ಬರುವುವು. ಪುರಾಣಗಳಲ್ಲಿ ಪಾಣಿನಿಗೆ ಒಪ್ಪದ ರೂಪ ಕಂಡರೆ ಆರ್ಷಪ್ರಯೋಗವೆಂದು ಕೈಮುಗಿದು ಮುಂದೆ ಹೋಗುವೆವು. ನಮ್ಮ ಬರೆವಣಿಗೆಯಲ್ಲಿ ಅದನ್ನು ಬಳಸುವುದಿಲ್ಲ. ಇಲ್ಲಿಯೂ ಅದೇ ನಿಯಮ. ಕೆಲಸದ ಅರ್ಜಿಯಲ್ಲಿ ‘ಗಾನ’ ಎಂದು ಬರೆದವನಿಗೆ ಕೆಲಸ ಸಿಕ್ಕದು. ಹಾಗೆಯೇ ಬೇಬಿ ಎಂಬುದು ಹಾಡಿನಲ್ಲಿ ತೊಟ್ಟಿಲ ಕೂಸಲ್ಲ, ಪ್ರಿಯರನ್ನು ಕರೆಯುವ ಸಂಬೋಧನೆ. ಅದನ್ನು ಉಪಾಧ್ಯಾಯರ ಮೇಲೆ ಪ್ರಯೋಗಿಸಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡುವುದು ಕ್ಷೇಮ.

ಎರಡನೆಯದಾಗಿ, ದುಃಖದ ಹಾಡೆಲ್ಲವೂ ಪ್ರಣಯದ ಹಾಡಲ್ಲವೆಂಬುದನ್ನು ಹಿರಿಯರು ತಿಳಿಯಬೇಕು. ‘ಐ ವಿಲ್ ಆಲ್ವೇಸ್ ಲವ್ ಯೂ’ ಎಂಬ ಹಾಡು 1992ರಲ್ಲಿ ವಿಟ್ನಿ ಹ್ಯೂಸ್ಟನ್ನರ ಕಂಠದಿಂದ ಲೋಕವನ್ನೆಲ್ಲ ಮುಟ್ಟಿತು. ಅದನ್ನು 1973ರಲ್ಲಿ ಬರೆದವರು ಡಾಲಿ ಪಾರ್ಟನ್. ತಮ್ಮನ್ನು ಬೆಳಕಿಗೆ ತಂದ ಹಿರಿಯ ಕಲಾವಿದ ಪೋರ್ಟರ್ ವ್ಯಾಗನರರ ಮೇಳವನ್ನು ಬಿಟ್ಟು ಸ್ವತಂತ್ರವಾಗಿ ಹೊರಡುವಾಗ ಬರೆದದ್ದು. ಜೊತೆಯಲ್ಲಿ ದುಡಿದವರನ್ನು ಗೌರವದಿಂದ ಬೀಳ್ಕೊಳ್ಳುವ ಹಾಡದು. ‘ಯೆಸ್ಟರ್‌ಡೇ’ ಎಂಬ 1965ರ ಹಾಡಿಗೆ ರಾಗ ಮೊದಲು ಹೊಳೆದು, ಮಾತು ಸಿಕ್ಕುವವರೆಗೆ ಪಾಲ್ ಮೆಕಾರ್ಟ್ನಿಯವರು ಮೊಟ್ಟೆಯ ತಿಂಡಿಯೊಂದರ ಹೆಸರನ್ನು ತುಂಬಿಕೊಂಡು ಹಾಡುತ್ತಿದ್ದರಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ದುಃಖವು ತನಗರಿಯದಂತೆ ಆ ಹಾಡಿನಲ್ಲಿ ಸೇರಿರಬಹುದೆಂದು ಅವರೇ ಮುಂದೆ ಹೇಳಿರುವರು. ಮಗಳು ಇಂತಹ ಹಾಡನ್ನು ಕೇಳುತ್ತಿದ್ದರೆ ಯಾರನ್ನೋ ಪ್ರೇಮಿಸಿದಳೆಂದು ಮನೆಯವರು ದಿಗಿಲುಪಡಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸ್ವಂತ ಶೋಕ ಬೇರೆ, ಕರುಣರಸ ಬೇರೆಯೆಂದು ನಮ್ಮ ಆಲಂಕಾರಿಕರು ಭೇದ ಮಾಡಿರುವರು. ಪರರ ಶೋಕವನ್ನು ಹಾಡಿನಲ್ಲಿ ಕೇಳುವಾಗ ಮನಸ್ಸು ಕರಗಿ ಹಗುರವಾಗುವುದು. ಸ್ವಂತ ಶೋಕವು ಮನಸ್ಸನ್ನು ಭಾರ ಮಾಡುವುದು. ಒಂದು ಮಗು ಒಂದೇ ಹಾಡನ್ನು ಹಗಲಿರುಳು ಕೇಳುತ್ತ, ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಸೇರಿತೆಂದರೆ ಅದು ಪಾಠವೂ ಅಲ್ಲ, ರಸವೂ ಅಲ್ಲ. ಆಗ ಹಾಡನ್ನು ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ಹಾಡಿನ ಹಿಂದಿರುವುದನ್ನು ಮೆಲ್ಲಗೆ ಕೇಳಬೇಕು. ಗದರಿದರೆ ಬಾಯಿ ಇನ್ನಷ್ಟು ಕಟ್ಟುವುದು.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯ ಹುಡುಗನೋ ಹುಡುಗಿಯೋ ಇಂಗ್ಲಿಷಿನ ಅಳುವ ಹಾಡನ್ನು ಕೇಳುತ್ತಿರುವುದು ಕಣ್ಣಿಗೆ ಬಿದ್ದರೆ, ‘ನಿಲ್ಲಿಸು ಅದನ್ನು’ ಎನ್ನುವ ಬದಲು ‘ಇದರ ಅರ್ಥವೇನು, ನನಗೂ ಹೇಳು’ ಎನ್ನಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು. ಹೇಳಿಕೊಡುವವರಿಗೆ ವಿದ್ಯೆ ಬೇಗ ಬರುವುದು. ರಾತ್ರಿಯ ಊಟವಾದ ಮೇಲೆ ಕಾಲು ಗಂಟೆ, ವಾರಕ್ಕೊಂದು ಹಾಡು, ಹಾಡಿಗೆ ಹತ್ತು ಪದ. ನಿಮ್ಮ ಮಗು ಆ ಪದಗಳಿಂದ ಒಂದು ದಿನ ಉದ್ಯೋಗವನ್ನು ಸಂಪಾದಿಸಬಹುದು. ಅದಕ್ಕೂ ಮೊದಲು, ತನ್ನ ಮನಸ್ಸಿನಲ್ಲಿರುವುದನ್ನು ನಿಮ್ಮೊಡನೆ ಹೇಳಿಕೊಳ್ಳಲು ಅದಕ್ಕೊಂದು ಮಾತು ಸಿಕ್ಕಬಹುದು. ಎರಡನೆಯ ಲಾಭವೂ ಸಣ್ಣದಲ್ಲವೆಂದು ಮಕ್ಕಳನ್ನು ಸಾಕಿದ ವಾಚಕರಿಗೆ ನಾನು ಹೇಳಬೇಕಾಗಿಲ್ಲ.